ಇಲಿಯ ಬಾಲ, ಅಪ್ಪನ ಬೆರಳು

ಬೆಳಿಗ್ಗೆ ಆರೂವರೆಗೆ ಅಪ್ಪ ಹಜಾರದ ಬೆಂಚಿನ ಮೇಲೆ ಕೂತು ಬೆರಳು ಚುಚ್ಚಿಕೊಳ್ಳುತ್ತಾರೆ. ಮೊದಲು ಬಿಸಿನೀರಲ್ಲಿ ಕೈ ತೊಳೆದು, ಎಡಗೈ ಉಂಗುರದ ಬೆರಳನ್ನು ಹಸುವಿನ ಮೊಲೆ ನೀವಿದ ಹಾಗೆ ಬುಡದಿಂದ ತುದಿಗೆ ನೀವುತ್ತಾರೆ. ಆಮೇಲೆ ಟಕ್ ಅಂತ ಒಂದು ಸದ್ದು. ಸಾಸಿವೆ ಕಾಳಿನಷ್ಟು ರಕ್ತ. ಸ್ಟ್ರಿಪ್ಪು ಅದನ್ನು ಹೀರಿಕೊಳ್ಳುವುದನ್ನು ಕನ್ನಡಕದ ಮೇಲಿಂದ ನೋಡುತ್ತಾ ಐದು ಎಣಿಸುತ್ತಾರೆ. ಬಂದ ಸಕ್ಕರೆ ನಂಬರನ್ನು ಗೋಡೆ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಪೆನ್ಸಿಲ್ಲಲ್ಲಿ ಬರೆಯುತ್ತಾರೆ. ಅದೇ ಚೌಕದಲ್ಲಿ ಅಮ್ಮನ ಹಾಲಿನ ಲೆಕ್ಕವೂ ಇರುತ್ತದೆ. ಹಾಲು 1½, ಅಪ್ಪ 168.

ನಾನು ಕೆಲಸ ಮಾಡುವ ಲ್ಯಾಬಿನಲ್ಲೂ ಇದೇ ಮೀಟರು, ಇದೇ ಸ್ಟ್ರಿಪ್ಪು. ಅಲ್ಲಿ ಬೆರಳಿನ ಬದಲು ಇಲಿಯ ಬಾಲ. ಸೋಮವಾರದಿಂದ ಶುಕ್ರವಾರದವರೆಗೆ ಬೆಂಗಳೂರಲ್ಲಿ ಬಾಲ ನೋಡುವುದು, ಶುಕ್ರವಾರ ಸಂಜೆ ರೈಲು ಹತ್ತುವುದು, ಶನಿವಾರ ಬೆಳಿಗ್ಗೆ ಹಾಸನದಲ್ಲಿ ಅಪ್ಪನ ಬೆರಳು ನೋಡುವುದು. ನಾಲ್ಕು ವರ್ಷದಿಂದ ಹೀಗೇ ನಡೆದಿದೆ.

ಪೋಸ್ಟ್‌ಡಾಕ್ ಅಂದರೇನು ಅಂತ ನೆಂಟರಿಗೆ ಹೇಳಿ ಹೇಳಿ ನನಗೇ ಬೇಜಾರಾಗಿದೆ. ಪಿಎಚ್‌ಡಿ ಮುಗಿದಿದೆ, ಪರ್ಮನೆಂಟ್ ಕೆಲಸ ಇಲ್ಲ. ಹೆಸರಿನ ಮುಂದೆ ಡಾಕ್ಟರ್ ಇದೆ, ಜ್ವರಕ್ಕೆ ಮಾತ್ರೆ ಬರೆಯುವ ಹಾಗಿಲ್ಲ. "ಓದು ಮುಗೀತಾ ಮಗಾ?" ಅಂತ ಚಿಕ್ಕಪ್ಪ ಪ್ರತಿ ಗೌರಿ ಹಬ್ಬಕ್ಕೂ ಕೇಳುತ್ತಾರೆ.

"ಮುಗಿದಿದೆ ಚಿಕ್ಕಪ್ಪ, ಈಗ ಕೆಲಸ."

"ಏನ್ ಕೆಲಸ?"

"ಇಲಿ ದಪ್ಪ ಮಾಡೋದು."

ಅಲ್ಲಿಗೆ ಮಾತು ನಿಲ್ಲುತ್ತದೆ. ಗಣಪತಿ ವಾಹನದ ಜೋಕನ್ನು ಅಷ್ಟರಲ್ಲಿ ಯಾರಾದರೂ ಹೇಳಿರುತ್ತಾರೆ. ಫೆಲೋಶಿಪ್ ದುಡ್ಡು ಐದು ತಿಂಗಳು ಬಾರದೆ, ರೂಮಿನ ಬಾಡಿಗೆಗೆ ಅಪ್ಪನ ಹತ್ತಿರವೇ ಕೈ ಚಾಚಿದ್ದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ.

ಆದರೆ ಉತ್ತರದಲ್ಲಿ ಸುಳ್ಳಿಲ್ಲ. ಇಲಿ ದಪ್ಪ ಮಾಡುವುದೇ ನನ್ನ ಕೆಲಸ. ಬೊಜ್ಜು ಬಂದ ಮೈಯಲ್ಲಿ ಇನ್ಸುಲಿನ್ನಿನ ಮಾತನ್ನು ಪಿತ್ತಜನಕಾಂಗ ಯಾಕೆ ಕೇಳುವುದಿಲ್ಲ, ಕೊಬ್ಬು ಅಲ್ಲಿಗೆ ಹೋಗಿ ಯಾಕೆ ಕೂರುತ್ತದೆ ಅನ್ನುವುದು ನಾನು ಹಿಡಿದಿರುವ ಎಳೆ. ಅದಕ್ಕೆ ಮೊದಲು ಬೊಜ್ಜು ಬರಬೇಕಲ್ಲ. ಬರಿಸಬೇಕು.

ನಮ್ಮ ಇಲಿಗಳಿಗೆ ಎಲ್ಲರೂ "ಬ್ಲ್ಯಾಕ್ ಸಿಕ್ಸ್" ಅನ್ನುತ್ತಾರೆ. ಪೂರ್ತಿ ಹೆಸರು ಸಿ57ಬಿಎಲ್/6. 1921ರಲ್ಲಿ ಅಮೆರಿಕದಲ್ಲಿ ಕ್ಲಾರೆನ್ಸ್ ಕುಕ್ ಲಿಟಲ್ ಅನ್ನುವವರು ಶುರು ಮಾಡಿದ ತಳಿ. ಅಣ್ಣ-ತಂಗಿ ಇಲಿಗಳನ್ನೇ ತಲೆಮಾರುಗಟ್ಟಲೆ ಕೂಡಿಸುತ್ತಾ ಬಂದು, ಈಗ ಒಂದು ಇಲಿಗೂ ಇನ್ನೊಂದಕ್ಕೂ ವಂಶವಾಹಿಯಲ್ಲಿ ವ್ಯತ್ಯಾಸವೇ ಇಲ್ಲ ಅನ್ನುವಷ್ಟಾಗಿದೆ. ಕಪ್ಪು ಮೈ, ಮಣಿಯಂಥ ಕಣ್ಣು, ಅಂಗೈಯಲ್ಲಿ ಕೂತರೆ ತೂಕವೇ ಗೊತ್ತಾಗದು. ಊರಲ್ಲಿ ನಾವು ಸುಂಡಿಲಿ ಅನ್ನುತ್ತಿದ್ದೆವಲ್ಲ, ಅದರ ಓದಿದ ನೆಂಟ ಅಂದುಕೊಳ್ಳಿ.

ಎಂಟು ವಾರದ ಗಂಡು ಇಲಿಗಳನ್ನು ಎರಡು ಗುಂಪು ಮಾಡುತ್ತೇವೆ. ಒಂದು ಗುಂಪಿನ ಮೇವಿನಲ್ಲಿ 100 ಕ್ಯಾಲರಿಗೆ 10 ಕ್ಯಾಲರಿ ಕೊಬ್ಬಿನಿಂದ ಬರುತ್ತದೆ. ಇನ್ನೊಂದು ಗುಂಪಿನದ್ದರಲ್ಲಿ 60. ಆ 60ರ ಬಹುಪಾಲು ಹಂದಿ ಕೊಬ್ಬು. ಅದಲು ಬದಲಾಗದಿರಲಿ ಅಂತ ಅದಕ್ಕೆ ನೀಲಿ ಬಣ್ಣ ಹಾಕಿರುತ್ತಾರೆ. ನೋಡಿದರೆ ಯಾವುದೋ ಮಗು ಮುರಿದು ಬಿಸಾಕಿದ ಕ್ರೇಯಾನ್ ಚೂರು. ಹಿಸುಕಿದರೆ ಪುಡಿಯಾಗುವುದಿಲ್ಲ, ಬೆರಳಿಗೆ ಮೆತ್ತಿಕೊಳ್ಳುತ್ತದೆ. ಫ್ರಿಡ್ಜಿನಿಂದ ಹೊರಗೆ ಜಾಸ್ತಿ ದಿನ ಇಟ್ಟರೆ ಕಮಟು ಹಿಡಿಯುತ್ತದೆ. ಅದನ್ನು ತಿನ್ನುವ ಇಲಿಗಳ ಕೂದಲು ಎಣ್ಣೆ ಸವರಿದ ಹಾಗೆ ಅಂಟಂಟಾಗುತ್ತದೆ. ಹೆಣ್ಣಿಲಿಗಳು ಈ ಮೇವಿಗೆ ಅಷ್ಟು ಬೇಗ ಬಗ್ಗುವುದಿಲ್ಲ. ಅದಕ್ಕೇ ಬಹಳ ವರ್ಷ ಎಲ್ಲರೂ ಗಂಡಿಲಿಯನ್ನೇ ಹಿಡಿದುಕೊಂಡು ಕೂತರು. ಹೆಣ್ಣು ಯಾಕೆ ತಡೆದುಕೊಳ್ಳುತ್ತದೆ ಅನ್ನುವುದೇ ದೊಡ್ಡ ಪ್ರಶ್ನೆ ಅಲ್ವಾ, ಅದನ್ನು ಬಿಟ್ಟು!

ವಾರಕ್ಕೊಮ್ಮೆ ತೂಕ. ಪ್ಲಾಸ್ಟಿಕ್ ಡಬ್ಬದಲ್ಲಿ ಇಲಿ ಹಾಕಿ ತಕ್ಕಡಿ ಮೇಲಿಟ್ಟು, ಅದು ಸುಮ್ಮನಾಗುವವರೆಗೆ ಕಾದು ಬರೆದುಕೊಳ್ಳಬೇಕು. ಹನ್ನೆರಡು ವಾರ ಕಳೆದರೆ ಮಾಮೂಲಿ ಮೇವಿನವು 30 ಗ್ರಾಂ ಆಸುಪಾಸು ಇರುತ್ತವೆ, ನೀಲಿ ಮೇವಿನವು 45 ದಾಟಿರುತ್ತವೆ.

ಇದನ್ನೆಲ್ಲ ಒಂದು ಭಾನುವಾರ ಅಡುಗೆಮನೆಯಲ್ಲಿ ಅಮ್ಮನಿಗೆ ಹೇಳುತ್ತಿದ್ದೆ. ಅವಳು ಮುದ್ದೆ ತೊಳಸುತ್ತಿದ್ದಳು. ಕೋಲು ನಿಲ್ಲಿಸದೆ ಕೇಳಿದಳು: "ಅವಕ್ಕೆ ಬೇರೆ ಏನೂ ಹಾಕಲ್ವಾ?"

"ಇಲ್ಲ. ಆ ನೀಲೀದೇ. ಮೂರು ಹೊತ್ತೂ."

"ಓಡಾಡಕ್ಕೆ ಜಾಗ?"

"ಒಂದು ಪಂಜರ. ಶೂ ಡಬ್ಬಕ್ಕಿಂತ ಸ್ವಲ್ಪ ದೊಡ್ಡದು."

"ಮತ್ತೆ ಅವೇನ್ ಮಾಡ್ತವೆ, ದಪ್ಪ ಆಗ್ದೆ?"

ನಾಲ್ಕು ವರ್ಷ ಆ ಪಂಜರಗಳ ಮುಂದೆ ನಿಂತ ನನಗೆ ಈ ಮಾತು ಇಷ್ಟು ಸಲೀಸಾಗಿ ಹೊಳೆದಿರಲಿಲ್ಲ. ಲ್ಯಾಬಿನಲ್ಲಿ ಇಲಿ ದಪ್ಪಗಾದರೆ ಯಾರೂ ಇಲಿಯನ್ನು ಬೈಯುವುದಿಲ್ಲ. ಮೇವು ಯಾವುದು ಅಂತ ಕೇಳುತ್ತೇವೆ. ಕೋಣೆಯ ಉಷ್ಣತೆ ಎಷ್ಟು, ದೀಪ ಎಷ್ಟು ಹೊತ್ತಿಗೆ ಆರುತ್ತದೆ, ತಾಯಿ ಏನು ತಿಂದಿತ್ತು ಅಂತ ಕೇಳುತ್ತೇವೆ. ಇಲಿಗೆ ಮನಸ್ಸು ಗಟ್ಟಿ ಇಲ್ಲ ಅಂತ ಇವತ್ತಿನವರೆಗೆ ಒಬ್ಬರೂ ಪೇಪರ್ ಬರೆದಿಲ್ಲ.

ಇದರಲ್ಲಿ ಇನ್ನೊಂದು ಸೋಜಿಗವಿದೆ. ಒಂದೇ ವಂಶವಾಹಿ, ಒಂದೇ ಮೇವು, ಒಂದೇ ಪಂಜರ. ಆದರೂ ಪ್ರತಿ ಸಲ ಒಂದೆರಡು ಇಲಿ ದಪ್ಪಗಾಗುವುದೇ ಇಲ್ಲ. ಅಣ್ಣತಮ್ಮಂದಿರು ಉಂಡೆಗಳಾಗಿ ಕೂತಿದ್ದರೆ ಇವು 33, 34 ಗ್ರಾಮಿನಲ್ಲಿ ಆರಾಮಾಗಿ ಓಡಾಡಿಕೊಂಡಿರುತ್ತವೆ. ಎಲ್ಲ ಲ್ಯಾಬುಗಳೂ ಕಂಡಿರುವ ಸಂಗತಿ ಇದು. ಅಳೆಯಬಹುದಾದ್ದನ್ನೆಲ್ಲ ಸಮ ಮಾಡಿಟ್ಟ ಮೇಲೂ ಹೀಗೆ! ಹಾಗಿರುವಾಗ ಒಂದೇ ಮನೆಯ ಇಬ್ಬರು ಅಕ್ಕತಂಗಿಯರನ್ನು ನಿಲ್ಲಿಸಿ "ಅವಳು ನೋಡು ಹೆಂಗಿದ್ದಾಳೆ, ನೀನು ನೋಡು" ಅನ್ನುವವರಿಗೆ ಏನು ಹೇಳಲಿ.

ಹೇಳಬೇಕಿತ್ತು. ಹೋದ ವರ್ಷ ಹಾಸನಾಂಬೆಯ ಸಾಲಿನಲ್ಲಿ.

ಆಶ್ವಯುಜದ ಹುಣ್ಣಿಮೆ ಕಳೆದ ಗುರುವಾರ ಹಾಸನಾಂಬೆ ಬಾಗಿಲು ತೆಗೆದರೆ ದೀಪಾವಳಿ ಮುಗಿಯುವವರೆಗೆ ನಮ್ಮ ಮನೆ ಛತ್ರ. ಹಾಸಿಗೆ ಸಾಲುವುದಿಲ್ಲ, ಬಚ್ಚಲಿಗೆ ಸರದಿ, ಇಡ್ಲಿ ಹಿಟ್ಟಿಗೆ ಬಕೆಟ್ಟು. ದೊಡ್ಡಮ್ಮ ಪ್ರತಿ ವರ್ಷ ಬರುತ್ತಾರೆ. ಅಮ್ಮನ ಅಕ್ಕ. 94 ಕೆಜಿ ತೂಕ, ಎರಡೂ ಮಂಡಿ ನೋವು, ಆದರೆ ಧರ್ಮದರ್ಶನದ ಸಾಲಲ್ಲೇ ನಿಲ್ಲಬೇಕು ಅನ್ನುವ ಹಟ. ಮೂರು ಗಂಟೆ ನಿಂತ ಮೇಲೆ ಅವರು ಬ್ಯಾರಿಕೇಡಿನ ಕಂಬಿ ಹಿಡಿದು ಸ್ವಲ್ಪ ಬಾಗಿದರು. ಹಿಂದಿದ್ದ ಯಾರೋ ಒಬ್ಬರು, ಒಳ್ಳೆಯ ಮನಸ್ಸಿಂದಲೇ ಇರಬೇಕು, "ಅಮ್ಮಾ, ಅನ್ನ ಒಸಿ ಕಮ್ಮಿ ಮಾಡಿ, ಎಲ್ಲ ಸರಿಹೋಗ್ತದೆ" ಅಂದರು. ನನಗೆ ರೇಗಿತು. ತಿರುಗುವಷ್ಟರಲ್ಲಿ ದೊಡ್ಡಮ್ಮ ನನ್ನ ಮಣಿಕಟ್ಟು ಅದುಮಿದರು. ಅವರತ್ತ ನೋಡಿ ನಕ್ಕು "ಹೂ ಕಣಪ್ಪ, ಮಾಡ್ತೀನಿ" ಅಂದರು. ಎಷ್ಟು ವರ್ಷ ಅಭ್ಯಾಸ ಮಾಡಿಕೊಂಡ ನಗು ಅದು.

ದೊಡ್ಡಮ್ಮ ಮೂರು ಸಲ ತೂಕ ಇಳಿಸಿದ್ದಾರೆ. ಒಂದು ಸಲ 11 ಕೆಜಿ. ಮೂರು ಸಲವೂ ವಾಪಸು ಬಂದಿದೆ. ರಾತ್ರಿ ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಹೇಳಿದರು: "ಇಳ್ದಾಗ ಹಸಿವು ಹೆಂಗಿರ್ತದೆ ಅಂತ ನಿಂಗೆ ಗೊತ್ತಿಲ್ಲ ಮಗಾ. ಒಲೆ ಮುಂದೆ ನಿಂತ್ರೆ ಕಣ್ಣಲ್ಲಿ ನೀರು ಬತ್ತದೆ. ಉಂಡ್ರೂ ಉಂಡಂಗೆ ಇರಲ್ಲ."

ನನಗೆ ಗೊತ್ತಿತ್ತು, ಪುಸ್ತಕದಲ್ಲಿ. 1949ರಲ್ಲಿ ಅಮೆರಿಕದ ಬಾರ್ ಹಾರ್ಬರ್‌ನ ಜಾಕ್ಸನ್ ಲ್ಯಾಬೊರೇಟರಿಯಲ್ಲಿ, ಯಾರೂ ಬಯಸದೆಯೇ, ಒಂದು ಗೂಡಿನಲ್ಲಿ ವಿಪರೀತ ದಪ್ಪ ಮರಿಗಳು ಕಂಡವು. ಬೇರೆ ಇಲಿಯ ಮೂರು ಪಟ್ಟು ತೂಗುವ ಇಲಿಗಳು. ಮೇವು ಇರುವಷ್ಟು ಹೊತ್ತೂ ತಿನ್ನುತ್ತಲೇ ಇರುತ್ತಿದ್ದವು. ಮುಂದೆ 1966ರಲ್ಲಿ ಅಲ್ಲೇ ಇನ್ನೊಂದು ದಪ್ಪ ತಳಿ ಸಿಕ್ಕಿತು, ಅದಕ್ಕೆ ಸಕ್ಕರೆ ಕಾಯಿಲೆಯೂ ಇತ್ತು. ಡಗ್ಲಸ್ ಕೋಲ್‌ಮನ್ ಎಂಬ ವಿಜ್ಞಾನಿ ಎರಡೆರಡು ಇಲಿಗಳ ಪಕ್ಕೆಯನ್ನು ಹೊಲಿದು ಜೋಡಿಸಿ, ಒಂದರ ರಕ್ತ ಇನ್ನೊಂದಕ್ಕೆ ಹರಿಯುವ ಹಾಗೆ ಮಾಡಿದರು. ಓದುವಾಗ ಮೈ ಜುಂ ಅನ್ನುತ್ತದೆ. ಆದರೆ ಸಿಕ್ಕ ಉತ್ತರ ದೊಡ್ಡದು. ಮೊದಲ ತಳಿಯ ದಪ್ಪ ಇಲಿಯನ್ನು ಮಾಮೂಲಿ ಇಲಿಗೆ ಹೊಲಿದಾಗ ದಪ್ಪಗಿದ್ದದ್ದು ತಿನ್ನುವುದು ಕಡಿಮೆ ಮಾಡಿತು, ಇಳಿಯಿತು. ಎರಡನೇ ತಳಿಯದ್ದನ್ನು ಹೊಲಿದಾಗ ಅದು ಹಾಗೇ ಇತ್ತು, ಪಾಪದ ಮಾಮೂಲಿ ಇಲಿ ಊಟ ಬಿಟ್ಟು ಸತ್ತಿತು. ಅಂದರೆ "ಸಾಕು, ಹೊಟ್ಟೆ ತುಂಬಿದೆ" ಅನ್ನುವ ಒಂದು ಸುದ್ದಿ ರಕ್ತದಲ್ಲಿ ಓಡಾಡುತ್ತದೆ. ಒಂದು ತಳಿ ಆ ಸುದ್ದಿ ಕಳಿಸಲಾರದು, ಇನ್ನೊಂದಕ್ಕೆ ಸುದ್ದಿ ಬಂದರೂ ಕಿವಿ ಕೇಳದು.

ಆ ಸುದ್ದಿ ಏನು ಅಂತ ತಿಳಿದದ್ದು 1994ರಲ್ಲಿ, ನ್ಯೂಯಾರ್ಕಿನ ರಾಕೆಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಅವರ ಲ್ಯಾಬಿನಲ್ಲಿ. ಕೊಬ್ಬಿನ ಜೀವಕೋಶಗಳೇ ಕಳಿಸುವ ಹಾರ್ಮೋನು, ಲೆಪ್ಟಿನ್. ತೆಳ್ಳಗೆ ಅನ್ನುವ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರು. ಬೊಜ್ಜಿಗೆ ಮದ್ದು ಸಿಕ್ಕೇಬಿಟ್ಟಿತು ಅಂತ ಎಲ್ಲರೂ ಕುಣಿದರು. ಹುಟ್ಟಿನಿಂದ ಲೆಪ್ಟಿನ್ನೇ ಇಲ್ಲದ ಕೆಲವೇ ಕೆಲವು ಮಕ್ಕಳಿಗೆ ಇಂಜೆಕ್ಷನ್ ಕೊಟ್ಟಾಗ ನಿಜಕ್ಕೂ ಪವಾಡ ಆಯಿತು. ಉಳಿದವರಿಗೆ ಕೆಲಸ ಮಾಡಲಿಲ್ಲ. ದಪ್ಪಗಿರುವ ಬಹುತೇಕರ ರಕ್ತದಲ್ಲಿ ಲೆಪ್ಟಿನ್ ಕಡಿಮೆ ಅಲ್ಲ, ಜಾಸ್ತಿಯೇ ಇದೆ. ಮಿದುಳು ಅದಕ್ಕೆ ಕಿವಿಗೊಡುತ್ತಿಲ್ಲ. ಕಷ್ಟಪಟ್ಟು ತೂಕ ಇಳಿಸಿದರೆ ಲೆಪ್ಟಿನ್ ಇಳಿಯುತ್ತದೆ, ಮಿದುಳು ಅದನ್ನು ಬರಗಾಲ ಅಂತ ತಿಳಿಯುತ್ತದೆ, ಹಸಿವು ಏರುತ್ತದೆ, ಮೈ ಖರ್ಚು ಕಡಿಮೆ ಮಾಡುತ್ತದೆ. ದೊಡ್ಡಮ್ಮ ಒಲೆ ಮುಂದೆ ನಿಂತು ಅತ್ತದ್ದು ಇದಕ್ಕೇ. ಮೂರು ಸಲ ಆ ಹಸಿವಿನ ಎದುರು ತಿಂಗಳುಗಟ್ಟಲೆ ನಿಂತವರಿಗೆ, ಸಾಲಲ್ಲಿ ನಿಂತ ಪುಣ್ಯಾತ್ಮರು ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂತ ಉಪದೇಶ ಮಾಡಿದರು.

ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ ಇಲ್ಲ. ಇದನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಇರುವುದು ಅಪ್ಪನಿಗೆ. 58 ಕೆಜಿ, ಐದೂವರೆ ಅಡಿ, ಕಡ್ಡಿಯಂಥ ಕೈಕಾಲು. ಶರ್ಟು ಬಿಚ್ಚಿದರೆ ಮಾತ್ರ ಹೊಟ್ಟೆ ಪುಟ್ಟ ಮಡಕೆ ಬೋರಲು ಹಾಕಿದ ಹಾಗೆ. ಸೊಂಟದ ಸುತ್ತಳತೆ 92 ಸೆಂಟಿಮೀಟರ್. ನಮ್ಮ ದೇಶದ ಗಂಡಸರಿಗೆ 90ರ ಒಳಗಿರಲಿ ಅನ್ನುತ್ತಾರೆ.

ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರದ್ದೊಂದು ಫೋಟೋ ನಮ್ಮ ವಲಯದಲ್ಲಿ ಪ್ರಸಿದ್ಧ. 2004ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ಅವರೂ, ಅವರ ಇಂಗ್ಲೆಂಡಿನ ಗೆಳೆಯ ಜಾನ್ ಯುಡ್ಕಿನ್ ಅವರೂ ಪಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಒಂದೇ, 22.3. ಮೈಯಲ್ಲಿರುವ ಕೊಬ್ಬು ಮಾತ್ರ ಯುಡ್ಕಿನ್‌ಗೆ 9.1 ಶೇಕಡ, ಯಾಜ್ಞಿಕ್‌ಗೆ 21.2 ಶೇಕಡ. ತೆಳ್ಳಗೆ ಕಂಡರೂ ಒಳಗೆ ಕೊಬ್ಬು. 2023ರ ಐಸಿಎಂಆರ್ ಅಧ್ಯಯನದ ಲೆಕ್ಕದಲ್ಲಿ ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಅದರಲ್ಲಿ ಅಪ್ಪನ ಹಾಗೆ ಕಾಣುವವರು ಎಷ್ಟೋ ಮಂದಿ. ಅಪ್ಪನಿಗೆ ಕಾಯಿಲೆ ಗೊತ್ತಾದಾಗ ಊರವರು "ಅಯ್ಯೋ, ಇಷ್ಟು ಸಣ್ಣಕ್ಕಿದ್ದೀಯ, ನಿನಗ್ಯಾಕೆ ಬಂತೋ" ಅಂತ ಮರುಗಿದರು. ದೊಡ್ಡಮ್ಮನಿಗೆ ಬಂದಿದ್ದರೆ ಮರುಗುತ್ತಿದ್ದರಾ?

ಯಾಕೆ ಬಂತು ಅನ್ನುವುದಕ್ಕೆ ಒಂದು ಉತ್ತರ ಅಪ್ಪ ಹುಟ್ಟುವ ಮೊದಲೇ ಇರಬಹುದು. ಅಪ್ಪ ಹುಟ್ಟಿದ್ದು 1966ರಲ್ಲಿ. ಬರಗಾಲದ ಕೂಸು ಅಂತಲೇ ಅಜ್ಜಿ ಕರೆಯುತ್ತಿದ್ದಳು. ಮೊರದಲ್ಲಿ ಮಲಗಿಸಿದರೆ ಇನ್ನೊಂದು ಕೂಸಿಗೂ ಜಾಗ ಇರುತ್ತಿತ್ತಂತೆ. ತೂಕ ಹಾಕಿದವರು ಯಾರು, ಹೆರಿಗೆ ಆದದ್ದು ಆಲೂರು ಕಡೆಯ ಹಳ್ಳಿಯ ನಡುಮನೆಯಲ್ಲಿ. ಆದರೆ ಮೈಸೂರಿನ ಮಿಷನ್ ಆಸ್ಪತ್ರೆಯವರು ತೂಕ ಹಾಕಿ ಬರೆದಿಟ್ಟಿದ್ದರು. ಹೋಲ್ಡ್ಸ್‌ವರ್ತ್ ಆಸ್ಪತ್ರೆಯ 1934ರಿಂದ 1954ರವರೆಗಿನ ಹೆರಿಗೆ ದಾಖಲೆ ಹಿಡಿದು, ಆಗ ಹುಟ್ಟಿದವರಲ್ಲಿ 517 ಜನರನ್ನು ಸಂಶೋಧಕರು ಹುಡುಕಿ ಪರೀಕ್ಷೆ ಮಾಡಿದರು. 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕೆಜಿ ಅಥವಾ ಕಡಿಮೆ ಇದ್ದವರಲ್ಲಿ 11 ಶೇಕಡ ಜನರಿಗೆ ಹೃದಯದ ಕಾಯಿಲೆ ಇತ್ತು. 3.1 ಕೆಜಿ ದಾಟಿದ್ದವರಲ್ಲಿ 3 ಶೇಕಡ. ಸಕ್ಕರೆ ಕಾಯಿಲೆಯ ವಿಷಯದಲ್ಲಿ ಲೆಕ್ಕ ಇಷ್ಟು ನೇರವಾಗಿ ಬರಲಿಲ್ಲ. ಅಲ್ಲಿ ಗಿಡ್ಡಗೆ ಗುಂಡಗೆ ಹುಟ್ಟಿದ ಕೂಸುಗಳಿಗೆ ಜಾಸ್ತಿ ಕಂಡಿತು. ಹಾಗಾಗಿ ಅಪ್ಪನ 168ನ್ನು ಪೂರ್ತಿ ಬರಗಾಲದ ತಲೆಗೆ ಕಟ್ಟುವ ಹಾಗಿಲ್ಲ. ಅರ್ಧ ಆಯುಸ್ಸು ಆಲೂಗಡ್ಡೆ ಹೊಲದಲ್ಲಿ ಬಗ್ಗಿದ ಮೈ ಈಗ ಹಾಸನದ ಬಾಡಿಗೆ ಮನೆಯಲ್ಲಿ ಟಿವಿ ಮುಂದೆ ಕೂತಿದೆ. ಮುದ್ದೆ ಹೋಗಿ ಎರಡು ಹೊತ್ತು ಅನ್ನ ಬಂದಿದೆ. ಬಸುರಿ ಇಲಿಗೆ ಪ್ರೋಟೀನ್ ಕಡಿಮೆ ಕೊಟ್ಟು ಅದರ ಮರಿಗಳನ್ನು ನೋಡುವ ಪ್ರಯೋಗಗಳಿವೆ. ಆದರೆ ಹೊಟ್ಟೆಯಲ್ಲಿದ್ದಾಗ ಬರ, ಯೌವನದಲ್ಲಿ ನೇಗಿಲು, ಅರವತ್ತರಲ್ಲಿ ಬೇಕರಿ ಬನ್ನು, ಇಷ್ಟನ್ನೂ ಎರಡು ವರ್ಷದ ಆಯುಸ್ಸಿನ ಇಲಿಗೆ ಯಾವ ಮೇವಿನಲ್ಲಿ ಬೆರೆಸಿ ಕೊಡಲಿ.

ಅಪ್ಪನಿಗೆ ಮೊದಲ ಸಲ ಗ್ಲುಕೋಸ್ ಕುಡಿಸಿ ಪರೀಕ್ಷೆ ಮಾಡಿಸಿದ್ದು ನಾನೇ. 75 ಗ್ರಾಂ ಗ್ಲುಕೋಸು, ಲೋಟದ ನೀರಿಗೆ ನಿಂಬೆಹಣ್ಣು ಹಿಂಡಿ. ದೊಡ್ಡವರು ಯಾರೇ ಆಗಲಿ, 50 ಕೆಜಿ ಇರಲಿ 100 ಇರಲಿ, ಎಲ್ಲರಿಗೂ 75 ಗ್ರಾಮೇ. ಇಲಿಗೆ ಹಾಗಲ್ಲ. ತೂಕಕ್ಕೆ ತಕ್ಕಂತೆ ಲೆಕ್ಕ.

ಇಲಿಗಳಿಗೆ ಈ ಪರೀಕ್ಷೆ ಮಾಡುವ ದಿನಗಳು ನನಗೆ ಇಷ್ಟ. ಬೆಳಿಗ್ಗೆ ಏಳಕ್ಕೆ ಮೇವು ತೆಗೆದು, ಇಲಿಗಳನ್ನು ಹೊಸ ಪಂಜರಕ್ಕೆ ಹಾಕುತ್ತೇನೆ. ಹಳೆಯದರಲ್ಲೇ ಬಿಟ್ಟರೆ ಹಾಸಿನಡಿ ಅಡಗಿಸಿಟ್ಟ ಚೂರು ತಿಂದು ಉಪವಾಸ ಕೆಡಿಸುತ್ತವೆ. ಏಕಾದಶಿ ದಿನ ನಮ್ಮ ಅಜ್ಜಿ ಹಾಗೇ. ಮಧ್ಯಾಹ್ನ ಒಂದಕ್ಕೆ ಶುರು. ಬಾಲದ ತುದಿಯಲ್ಲಿ ಒಂದು ಚಿಕ್ಕ ಗಾಯ, ಮೊದಲ ಹನಿ. ಆಮೇಲೆ ಹೊಟ್ಟೆಗೆ ಗ್ಲುಕೋಸ್ ಇಂಜೆಕ್ಷನ್. 30 ಗ್ರಾಂ ಇಲಿಗೆ 0.3 ಮಿಲಿಲೀಟರ್. 14 ಇಲಿ, ಒಂದೊಂದಕ್ಕೆ ಒಂದು ನಿಮಿಷ. ಹದಿನಾಲ್ಕನೆಯದು ಮುಗಿಸಿ ಉಸಿರು ಬಿಡುವಷ್ಟರಲ್ಲಿ 15ನೇ ನಿಮಿಷಕ್ಕೆ ಮತ್ತೆ ಮೊದಲನೆಯದು ಕಾಯುತ್ತಿರುತ್ತದೆ. ಮತ್ತೆ 30, 60, 90, 120. ಕೈ ಬಿಗಿಯಾಗಬಾರದು. ಹೆದರಿದ ಇಲಿಯ ಸಕ್ಕರೆ ಹೆದರಿಕೆಗೇ ಏರುತ್ತದೆ. ಅದಕ್ಕೆ ವಾರದ ಮುಂಚಿನಿಂದ ದಿನಾ ಒಂದಿಷ್ಟು ಹೊತ್ತು ಸುಮ್ನೆ ಅಂಗೈ ಮೇಲೆ ಬಿಟ್ಟುಕೊಂಡು ಅಭ್ಯಾಸ ಮಾಡಿಸುತ್ತೇನೆ. ತೆಳ್ಳಗಿನವು 150ರಿಂದ 300ಕ್ಕೆ ಹತ್ತಿ ಎರಡು ಗಂಟೆಯಲ್ಲಿ ಮನೆಗೆ ಮರಳುತ್ತವೆ. ನೀಲಿ ಮೇವಿನವು 200ರ ಹತ್ತಿರ ಶುರುವಾಗಿ 400 ದಾಟಿ, ಎರಡು ಗಂಟೆಯಾದರೂ ಮೇಲೇ ಕೂತಿರುತ್ತವೆ. ಇದರಲ್ಲಿ ಒಂದು ಅನ್ಯಾಯ ಇದೆ, ಹೇಳಿಬಿಡುತ್ತೇನೆ. 45 ಗ್ರಾಂ ಇಲಿಗೆ 0.45 ಮಿಲಿಲೀಟರ್ ಹೋಗುತ್ತದೆ. ಗ್ಲುಕೋಸನ್ನು ಕರಗಿಸುವ ಮಾಂಸಖಂಡ ಅದಕ್ಕೇನೂ ಅಷ್ಟು ಹೆಚ್ಚಿರುವುದಿಲ್ಲ, ಹೆಚ್ಚಿರುವುದು ಕೊಬ್ಬು. ದಪ್ಪಗಿದೆ ಅಂತ ಜಾಸ್ತಿ ಭಾರ ಹೊರಿಸಿ ಆಮೇಲೆ ಸೋತಿತು ಅಂತ ಬರೆದುಕೊಂಡ ಹಾಗೆ. ಈಗೀಗ ಕೆಲವು ಲ್ಯಾಬುಗಳು ಕೊಬ್ಬು ಕಳೆದ ತೂಕಕ್ಕೆ ಲೆಕ್ಕ ಹಾಕುತ್ತಿವೆ.

ಕೋಣೆಯ ಚಳಿ ಇನ್ನೊಂದು ಅನ್ಯಾಯ. ಬಡವರ ಊಟಿ ಹಾಸನದಲ್ಲಿ ಹುಟ್ಟಿದವಳಿಗೆ ಇದು ಬೇಗ ಅರ್ಥವಾಗಬೇಕಿತ್ತು. ಪ್ರಾಣಿ ಕೋಣೆಯಲ್ಲಿ 22 ಡಿಗ್ರಿ, ಗೌನ್ ಹಾಕಿಕೊಂಡ ನಮಗೆ ಹಿತ. ಬೆತ್ತಲೆ ಬಾಲದ ಇಲಿಗೆ ಹಿತವಾಗುವುದು 30ರ ಹತ್ತಿರ. ಅದು ದಿನವಿಡೀ ಮೈ ಬೆಚ್ಚಗಿಡಲು ಕ್ಯಾಲರಿ ಸುಡುತ್ತಿರುತ್ತದೆ. ನಾವು ಅದರ ಲೆಕ್ಕವನ್ನು ಕಂಬಳಿ ಹೊದ್ದ ಮನುಷ್ಯನಿಗೆ ಹೋಲಿಸುತ್ತಿರುತ್ತೇವೆ.

ಈಗ ನನ್ನ ತಪ್ಪಿನ ಕಥೆ. ಎರಡು ವರ್ಷದ ಹಿಂದಿನದು. 40 ಇಲಿಗಳ ಪ್ರಯೋಗ, ಒಂಬತ್ತನೇ ವಾರ. ಮಾಮೂಲಿ ಮೇವಿನ ಇಲಿಗಳ ತೂಕವೂ ಏರತೊಡಗಿತು. ತಕ್ಕಡಿ ಕೆಟ್ಟಿರಬೇಕು ಅಂದುಕೊಂಡೆ. ಮುಂದಿನ ವಾರವೂ ಏರಿತು. ಬಾಣಂತನಕ್ಕೆ ಅಕ್ಕ ಮನೆಗೆ ಬಂದಿದ್ದಳು, ನನ್ನ ತಲೆ ಹಾಸನದಲ್ಲಿತ್ತು, ಬರೆದುಕೊಂಡು ಮುಚ್ಚಿಟ್ಟೆ. ಒಂದು ರಾತ್ರಿ ಹತ್ತರ ಮೇಲೆ, ಮರೆತು ಬಂದ ನೋಟ್‌ಬುಕ್ ತರಲು ಹೋದೆ. ಕೋಣೆಯ ಬಾಗಿಲಡಿ ಬೆಳಕಿನ ಗೆರೆ. ಸಂಜೆ ಏಳಕ್ಕೆ ಆರಬೇಕಿದ್ದ ದೀಪ ಆರಿರಲಿಲ್ಲ. ಟೈಮರ್ ಕೆಟ್ಟು ಎಷ್ಟು ದಿನವಾಗಿತ್ತೋ ಯಾರಿಗೂ ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ, ನಾವೆಲ್ಲ ಹಗಲು ಹೋಗಿ ಹಗಲು ಬರುವವರು. ಅಲ್ಲಿ ಯಾವಾಗಲೂ ಬೆಳಕೇ ಇರುತ್ತದೆ.

ಇಲಿ ರಾತ್ರಿ ತಿನ್ನುವ ಪ್ರಾಣಿ. ರಾತ್ರಿ ಬೆಳಕಿದ್ದರೆ ಹೊತ್ತು ತಪ್ಪಿ ತಿನ್ನುತ್ತದೆ, ಅಷ್ಟೇ ಮೇವು ತಿಂದರೂ ತೂಕ ಏರುತ್ತದೆ. 2010ರಲ್ಲೇ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದವರು ಇದನ್ನು ತೋರಿಸಿದ್ದರು. 2012ರಲ್ಲಿ ಸಾಲ್ಕ್ ಇನ್‌ಸ್ಟಿಟ್ಯೂಟಿನ ಸಚ್ಚಿದಾನಂದ ಪಂಡಾ ಅವರ ತಂಡ ಇದರ ತಿರುಗುಮುರುಗು ಮಾಡಿತು. ಕೊಬ್ಬಿನ ಮೇವನ್ನೇ ಕೊಟ್ಟರು, ಆದರೆ ರಾತ್ರಿಯ 8 ಗಂಟೆ ಮಾತ್ರ. ಒಟ್ಟು ಕ್ಯಾಲರಿ ಅಷ್ಟೇ ಒಳಗೆ ಹೋದರೂ ಆ ಇಲಿಗಳು ತೆಳ್ಳಗೇ ಉಳಿದವು. ಇಷ್ಟೆಲ್ಲ ಓದಿದ್ದ ನಾನು, ಎರಡು ವಾರ ಕಣ್ಣೆದುರಿದ್ದ ತೂಕವನ್ನು ನೋಡಿ ತಕ್ಕಡಿಯನ್ನು ಅನುಮಾನಿಸಿದ್ದೆ.

40 ಇಲಿಯ ಲೆಕ್ಕ ನಿಷ್ಪ್ರಯೋಜಕವಾಯಿತು. ಇಲಿಗಳನ್ನು ಇಟ್ಟುಕೊಳ್ಳುವ ಹಾಗಿಲ್ಲ, ಹೊರಗೆ ಬಿಡುವ ಹಾಗಂತೂ ಇಲ್ಲ. ಎಷ್ಟು ಇಲಿ ಬೇಕು, ಅದಕ್ಕಿಂತ ಕಡಿಮೆಯಲ್ಲಿ ಯಾಕೆ ಆಗದು ಅಂತ ನೈತಿಕ ಸಮಿತಿಗೆ ಬರೆದುಕೊಟ್ಟು ಒಪ್ಪಿಗೆ ಪಡೆದ ಇಲಿಗಳವು. ಮತ್ತೆ ಬೇಕಾದರೆ ಮತ್ತೆ ಅರ್ಜಿ. ಆ 40ನ್ನು ನಾನೇ ಮುಗಿಸಿದೆ. ಲ್ಯಾಬಿನಲ್ಲಿ ಕೊಂದೆ ಅನ್ನುವುದಿಲ್ಲ. "ಸ್ಯಾಕ್ರಿಫೈಸ್" ಅನ್ನುತ್ತೇವೆ, ಕನ್ನಡದಲ್ಲಿ ಹೇಳಿದರೆ ಬಲಿ. ನಮ್ಮೂರ ಮಾರಮ್ಮನ ಹಬ್ಬದಲ್ಲಿ ಕುರಿಯ ತಲೆಗೆ ತೀರ್ಥ ಹಾಕಿ ಎಲ್ಲರೂ ಕಾಯುತ್ತಾರೆ. ಅದು ಮೈ ಒದರಿದರೆ ಒಪ್ಪಿತು ಅಂತ ಅರ್ಥ. ಒದರದಿದ್ದರೆ ಮತ್ತೆ ತೀರ್ಥ, ಮತ್ತೆ ಕಾಯುವುದು, ಹರಕೆಯಲ್ಲಿ ಏನು ತಪ್ಪಾಯಿತೋ ಅಂತ ದೊಡ್ಡವರ ಗುಸುಗುಸು. ತಣ್ಣೀರು ಬಿದ್ದರೆ ಯಾವ ಕುರಿಯಾದರೂ ಒದರುತ್ತದೆ ಅಂತ ಚಿಕ್ಕವಳಿದ್ದಾಗ ನಗುತ್ತಿದ್ದೆ. ಆ ಮಧ್ಯಾಹ್ನ ನಗು ಬರಲಿಲ್ಲ. ಅವರು ಕೇಳುವ ಶಾಸ್ತ್ರವನ್ನಾದರೂ ಮಾಡುತ್ತಾರೆ.

ಹೋದ ತಿಂಗಳು ಈ ಟೈಮರಿನ ಕಥೆಯನ್ನು ಮನೆಯಲ್ಲಿ ಹೇಳಿದೆ. ಇಲಿ ಸತ್ತದ್ದು ಬಿಟ್ಟು, ಹೊತ್ತಲ್ಲದ ಹೊತ್ತಿನ ಊಟದ್ದು. ಅಮ್ಮ ಗಲ್ಲಕ್ಕೆ ಕೈಯಿಟ್ಟು ಕೇಳಿದಳು. "ನಿಮ್ಮಜ್ಜಿ ದೀಪ ಹಚ್ಚೋ ಹೊತ್ತಿಗೆ ಉಂಡು ತಟ್ಟೆ ತೊಳೆದಿಡ್ತಿತ್ತು. ನಾವು ಎರಡು ಸೀರಿಯಲ್ ನೋಡಿ ಹತ್ತಕ್ಕೆ ಉಣ್ತೀವಿ" ಅಂದಳು. ನಾನು ಅವಸರದಲ್ಲಿ ಹೇಳಿದೆ: ಮನುಷ್ಯರಲ್ಲಿ ಫಲ ಅಷ್ಟು ದೊಡ್ಡದಾಗಿ ಕಂಡಿಲ್ಲ, 2022ರಲ್ಲಿ ಚೀನಾದ ಗುವಾಂಗ್‌ಝೌನಲ್ಲಿ 139 ಜನರನ್ನು ಒಂದು ವರ್ಷ ನೋಡಿದಾಗ, ಕ್ಯಾಲರಿ ಕಡಿಮೆ ಮಾಡಿದವರ ಊಟಕ್ಕೆ ಹೊತ್ತಿನ ಕಟ್ಟುಪಾಡು ಹಾಕಿದ್ದರಿಂದ ತೂಕದಲ್ಲಿ ಹೇಳಿಕೊಳ್ಳುವ ಲಾಭ ಆಗಲಿಲ್ಲ. ಅಮ್ಮ ಅಷ್ಟು ಹೊತ್ತಿಗೆ ಅಕ್ಕಿ ತೊಳೆಯಲು ಎದ್ದು ಹೋಗಿದ್ದಳು.

ಅವತ್ತು ಏಳಕ್ಕೆ ಊಟ. ಒಂದು ಪುಟ್ಟ ಮುದ್ದೆ, ಹುರುಳಿಕಾಳಿನ ಬಸ್ಸಾರು, ಒಂದು ಹಿಡಿ ಅನ್ನ. ಅಪ್ಪ ತಟ್ಟೆ ನೋಡಿದರು, ಗಡಿಯಾರ ನೋಡಿದರು, ನನ್ನನ್ನು ನೋಡಿದರು. ಮಾತಾಡದೆ ಉಂಡರು. "ನಿನ್ ಇಲಿಗಳದ್ದು ಹೆಂಗೆ, ಇಷ್ಟೊತ್ತಿಗೇ ಬೋನು ಮುಚ್ತೀಯಾ?" ಅಂತ ಕೈ ತೊಳೆಯುವಾಗ ಕೇಳಿದರು.

"ಅವು ಈಗ ಏಳೋದು ಅಪ್ಪ. ಈಗ ಶುರು ಅವುಗಳ ಊಟ."

"ಪುಣ್ಯ ಮಾಡಿದ್ವು" ಅಂದರು.

ಹತ್ತೂವರೆಗೆ ದೀಪ ಆರಿಸಿ ಮಲಗಿದ್ದೆವು. ಪಕ್ಕದಲ್ಲಿ ಅಮ್ಮ. ಅಡುಗೆಮನೆಯಲ್ಲಿ ಸ್ಟೀಲ್ ಡಬ್ಬದ ಮುಚ್ಚಳ ಮೆಲ್ಲಗೆ ತೆರೆದ ಸದ್ದು. ದೀಪಾವಳಿಯ ಕೋಡುಬಳೆ ಇದ್ದ ಡಬ್ಬ. ಆಮೇಲೆ ಕುರುಂ ಕುರುಂ, ತಡೆದು ತಡೆದು, ಹಲ್ಲಿಗೆ ಬಟ್ಟೆ ಸುತ್ತಿದ ಹಾಗೆ. ನಾನು ಎದ್ದು ಕೂತೆ.

"ಇಲಿ ಇರಬೇಕು" ಅಂದಳು ಅಮ್ಮ. "ಮಲಕ್ಕೋ."